ಬಳೆ ಒಡೆಯುವ ಮುಂಚೆ

ಕಲ್ಯಾಣ ಕರ್ನಾಟಕದ ಒಂದು ತಾಲ್ಲೂಕು ಆಸ್ಪತ್ರೆಯ ಸ್ಟಾಫ್ ನರ್ಸ್ ಒಬ್ಬರು ಪತ್ರ ಬರೆದಿದ್ದಾರೆ. ಹೆಸರು ಬೇಡ ಎಂದಿದ್ದಾರೆ. ಪತ್ರ ಉದ್ದವಿದೆ, ಸಾರ ಇಷ್ಟು:

"ನಮಗೆ ತರಬೇತಿ ಕೊಟ್ಟರು. ಪ್ರತಿ ರೋಗಿಯ ಸಂಸ್ಕೃತಿ ತಿಳಿದು ಆರೈಕೆ ಮಾಡಿ ಅಂದರು. ಮುಸ್ಲಿಮರು ಹೀಗೆ, ಲಂಬಾಣಿಗಳು ಹೀಗೆ, ಜೈನರು ಹೀಗೆ ಅಂತ ಒಂದು ಪಟ್ಟಿ ಕೈಗಿಟ್ಟರು. ರಾತ್ರಿ ಪಾಳಿಯಲ್ಲಿ ಮೂವತ್ತು ಹಾಸಿಗೆಗೆ ನಾನೊಬ್ಬಳೇ. ಸಿಸೇರಿಯನ್‌ಗೆ ಹೊರಟವಳು ಬಳೆ ತೆಗೆಯಲ್ಲ ಅಂತಾಳೆ. ಬಾಣಂತಿಗೆ ಅತ್ತೆ ನೀರು ಕುಡಿಯೋಕೆ ಬಿಡಲ್ಲ. ಸಕ್ಕರೆ ಕಾಯಿಲೆಯ ಅಜ್ಜ ರಂಜಾನಿನ ರೋಜಾ ಬಿಡಲ್ಲ. ಎಲ್ಲರನ್ನೂ ಒಂದೇ ಥರ ನೋಡಿಕೊಂಡರೆ ಅದೇ ಸಮಾನತೆ ಅಲ್ವಾ? ಜಾತಿ ಕೇಳಿ ಬೇರೆ ಸಿಸ್ಟರನ್ನು ಕಳಿಸಿ ಅನ್ನೋರಿಗೂ ನಾವು ಹೊಂದಿಕೊಳ್ಳಬೇಕಾ?"

ಸಿಸ್ಟರ್, ನಮಸ್ಕಾರ.

ಮೊದಲು ಆ ಪಟ್ಟಿಯನ್ನು ಮಡಚಿ ಡ್ರಾಯರ್‌ನಲ್ಲಿಡಿ. ಅಂಥ ಪಟ್ಟಿಗಳಿಂದ ಲಾಭಕ್ಕಿಂತ ತೊಂದರೆ ಜಾಸ್ತಿ ಎಂಬುದು ನನ್ನ ಅಭಿಪ್ರಾಯ. 1998ರಲ್ಲಿ ಮೆಲನಿ ಟರ್ವಲಾನ್ ಮತ್ತು ಜಾನ್ ಮರ್ರೆ-ಗಾರ್ಸಿಯಾ ಎಂಬ ಅಮೆರಿಕದ ಇಬ್ಬರು ವೈದ್ಯೆಯರು ಒಂದು ಲೇಖನ ಬರೆದರು. ಅದರಲ್ಲಿ ಒಂದು ಪ್ರಸಂಗ ಬರುತ್ತದೆ. ಆಪರೇಷನ್ ಆದ ಲ್ಯಾಟಿನೋ, ಅಂದರೆ ಲ್ಯಾಟಿನ್ ಅಮೆರಿಕ ಮೂಲದ, ಹೆಂಗಸೊಬ್ಬಳು ನರಳುತ್ತಿದ್ದಾಳೆ. ಅದೇ ಸಮುದಾಯದ ವೈದ್ಯರೊಬ್ಬರು ಅದನ್ನು ನೋಡಿ, ಈಕೆಗೆ ತುಂಬಾ ನೋವಿದ್ದಂತಿದೆ ಎನ್ನುತ್ತಾರೆ. ನರ್ಸ್ ಒಪ್ಪುವುದಿಲ್ಲ. ತಾನು ಈ ವಿಷಯದಲ್ಲಿ ತರಬೇತಿ ಪಡೆದಿದ್ದೇನೆ, ಈ ಜನ ನೋವನ್ನು ಹೆಚ್ಚು ಮಾಡಿ ತೋರಿಸುತ್ತಾರೆ ಎನ್ನುತ್ತಾಳೆ. ನೋಡಿ, ತರಬೇತಿಯೇ ಆಕೆಯ ಕಿವಿ ಮುಚ್ಚಿತ್ತು. "ಲಂಬಾಣಿ ಹೆಂಗಸರು ಗಟ್ಟಿ, ಹೆರಿಗೆ ನೋವು ತಡೀತಾರೆ" ಎಂದು ನಮ್ಮ ವಾರ್ಡುಗಳಲ್ಲಿ ಯಾರಾದರೂ ಅಂದರೆ ಅದೂ ಇದೇ ಬಗೆಯ ಮಾತು.

ಹಾಗಾದರೆ ಏನು ಮಾಡಬೇಕು? ಕೇಳಬೇಕು. ಮೂವತ್ತು ಸಂಸ್ಕೃತಿಗಳನ್ನು ಓದುವುದು ನಿಮ್ಮಿಂದ ಆಗದು, ಯಾರಿಂದಲೂ ಆಗದು. ಆದರೆ ಎದುರಿಗೆ ಮಲಗಿರುವವರನ್ನು "ನಿಮಗೆ ಏನು ಕಷ್ಟ ಆಗ್ತಿದೆ? ಇದು ಯಾಕೆ ಬೇಡ?" ಎಂದು ಕೇಳುವುದಕ್ಕೆ ಒಂದು ನಿಮಿಷ ಸಾಕು.

ಬಳೆಯ ವಿಷಯವನ್ನೇ ತೆಗೆದುಕೊಳ್ಳಿ. ತೆಗೆಯಲೇಬೇಕು, ಅದಕ್ಕೆ ಕಾರಣಗಳಿವೆ. ಆಪರೇಷನ್‌ನಲ್ಲಿ ಕಾಟರಿ (ವಿದ್ಯುತ್ತಿನಿಂದ ಸುಟ್ಟು ರಕ್ತ ನಿಲ್ಲಿಸುವ ಸಾಧನ) ಬಳಸುವಾಗ ಮೈಮೇಲಿನ ಲೋಹದಿಂದ ಚರ್ಮ ಸುಡುವ ಅಪಾಯವಿದೆ. ಕೈ ಊದಿದರೆ ಬಿಗಿಯಾದ ಬಳೆ ರಕ್ತ ಓಡದಂತೆ ಮಾಡುತ್ತದೆ. ಗಾಜಿನದಾದರೆ ಚೂರಾಗಿ ಚುಚ್ಚಬಹುದು. ಆದರೆ ಅವಸರದಲ್ಲಿ ಯಾರೋ "ಒಡೆದು ಹಾಕ್ರಿ" ಅಂದುಬಿಟ್ಟರೆ? ಗಂಡ ಸತ್ತಾಗ ಬಳೆ ಒಡೆಯುವ ರೂಢಿ ಕಂಡು ಬೆಳೆದ ಹೆಂಗಸಿಗೆ ಥಿಯೇಟರ್ ಬಾಗಿಲಲ್ಲಿ ಆ ಸದ್ದು ಕೇಳಿದರೆ ಏನನ್ನಿಸಬೇಕು, ಹೇಳಿ. ಆಕೆ ಹಟ ಮಾಡುತ್ತಿಲ್ಲ, ಹೆದರಿದ್ದಾಳೆ. ಸೋಪು ಇಲ್ಲವೇ ಕೊಬ್ಬರಿ ಎಣ್ಣೆ ಹಚ್ಚಿ ಇಡಿಯಾಗಿ ಜಾರಿಸಿ, ಅವರಮ್ಮನ ಕೈಗೆ ಕೊಡಿ. ಥಿಯೇಟರಿನಿಂದ ಬಂದ ಮೇಲೆ ಹಾಕಿಕೊಳ್ಳಬಹುದು ಎಂದು ಮೊದಲೇ ಹೇಳಿ. ತಾಳಿಗೆ ಅನೇಕ ಕಡೆ ಈಗಾಗಲೇ ಒಂದು ದಾರಿ ಇದೆ: ಚಿನ್ನದ ಸರ ತೆಗೆದು, ಅರಿಶಿನ ಕೊಂಬು ಕಟ್ಟಿದ ದಾರ ಹಾಕುತ್ತಾರೆ. ದಾರಕ್ಕೆ ಕಾಟರಿಯ ಭಯವಿಲ್ಲ. ಕೊರಳು ಬರಿದಾಗುವುದೂ ಇಲ್ಲ.

ಇಷ್ಟಲಿಂಗದ ಪ್ರಶ್ನೆಯೂ ನಿಮ್ಮ ಕಡೆ ಬಂದೇ ಬರುತ್ತದೆ. ಮೈಯಿಂದ ಅಗಲಿಸಬಾರದೆಂದು ನಂಬಿದ ಹಿರಿಯರಿಗೆ "ಟೇಬಲ್ ಮೇಲಿಡಿ ಅಜ್ಜಾ" ಅಂದರೆ ಅವರು ಆಪರೇಷನ್ನೇ ಬೇಡ ಎನ್ನಬಹುದು. ಬೆಳ್ಳಿ ಕರಡಿಗೆ ತೆಗೆದು, ಲಿಂಗವನ್ನು ಸ್ವಚ್ಛ ಬಟ್ಟೆಯಲ್ಲಿ ಸುತ್ತಿ, ಕೊಯ್ಯುವ ಜಾಗದಿಂದ ದೂರ ಕಟ್ಟಬಹುದೇ ಎಂದು ಸರ್ಜನ್‌ರನ್ನೂ ಅರಿವಳಿಕೆ ಡಾಕ್ಟರನ್ನೂ ಮೊದಲೇ ಕೇಳಿ. ಆಗಲ್ಲ ಅಂದರೆ ಯಾಕೆ ಆಗಲ್ಲ ಎಂಬುದನ್ನು ಅಜ್ಜನಿಗೆ ನೇರವಾಗಿ ಹೇಳಬೇಕು. ಅವರ ಮಗನಿಗಲ್ಲ.

ಸಂಸ್ಕೃತಿ ಅರಿತು ಆರೈಕೆ ಮಾಡುವ ಈ ವಿಷಯಕ್ಕೆ ಅಡಿಪಾಯ ಹಾಕಿದವರು ನಿಮ್ಮ ವೃತ್ತಿಯವರೇ ಆದ ಅಮೆರಿಕದ ಮೆಡಲೀನ್ ಲೈನಿಂಗರ್. 1950ರ ದಶಕದಲ್ಲಿ ಮಕ್ಕಳ ಮಾನಸಿಕ ಆರೈಕೆಯ ಕೇಂದ್ರವೊಂದರಲ್ಲಿ ಕೆಲಸ ಮಾಡುತ್ತಿದ್ದಾಗ ಅವರಿಗೊಂದು ಸಂಗತಿ ಕಂಡಿತು. ಒಂದೇ ಥರದ ಆರೈಕೆಗೆ ಬೇರೆ ಬೇರೆ ಸಂಸ್ಕೃತಿಯ ಮಕ್ಕಳು ಒಂದೇ ಥರ ಸ್ಪಂದಿಸುತ್ತಿರಲಿಲ್ಲ. ನಿಮ್ಮ "ಎಲ್ಲರಿಗೂ ಒಂದೇ ಥರ" ಎಂಬ ಮಾತಿಗೆ ಉತ್ತರ ಅಲ್ಲೇ ಸಿಕ್ಕಿತ್ತು. ಆಮೇಲೆ ಅವರು ಮಾನವಶಾಸ್ತ್ರ ಓದಿದರು. ನ್ಯೂಗಿನಿಯ ಗಾಡ್ಸಪ್ ಜನರ ನಡುವೆ ಇದ್ದು ಬಂದರು. ಅವರು ಹೇಳಿದ್ದು ಸುಲಭ. ರೋಗಿಯ ರೂಢಿಗಳಲ್ಲಿ ಕೆಲವನ್ನು ಹಾಗೇ ಉಳಿಸಬೇಕು, ಕೆಲವಕ್ಕೆ ಎರಡೂ ಕಡೆಯವರು ಹೊಂದಿಸಿಕೊಳ್ಳಬೇಕು, ಕೆಲವನ್ನು ರೋಗಿಯ ಜೊತೆ ಕೂತು ಬದಲಿಸಬೇಕು.

ಬಾಣಂತಿಯ ಮಂಚದ ಸುತ್ತ ಈ ಮೂರೂ ಕಾಣುತ್ತವೆ. ಸಬ್ಬಸಿಗೆ ಸೊಪ್ಪು, ಬೆಳ್ಳುಳ್ಳಿ, ಮೆಣಸಿನ ಸಾರು, ಅಂಟಿನ ಉಂಡೆ: ಡಾಕ್ಟರು ಬೇರೆ ಪಥ್ಯ ಹೇಳಿಲ್ಲದಿದ್ದರೆ ಇವಕ್ಕೆ ತಕರಾರು ಬೇಡ. ಕಿವಿಗೆ ಬಟ್ಟೆ ಕಟ್ಟಿಕೊಂಡರೆ ನಿಮ್ಮ ಗಂಟೇನು ಹೋಯಿತು? ನೀರಿನದು ಎರಡನೆಯ ಬಗೆ. ಹಾಲು ಕುಡಿಸುವ ತಾಯಿಗೆ ನೀರು ಬೇಕೇ ಬೇಕು. ಕಡಿಮೆಯಾದರೆ ಮಲಬದ್ಧತೆ, ಉರಿಮೂತ್ರ. ಸಿಸೇರಿಯನ್ ಆದವಳಿಗೆ ರಕ್ತ ಹೆಪ್ಪುಗಟ್ಟುವ ಅಪಾಯವೂ ಹೆಚ್ಚುತ್ತದೆ. ಆದರೆ ಅತ್ತೆಯ ಭಯ ನೀರಿನ ಮೇಲಲ್ಲ, ಥಂಡಿಯ ಮೇಲೆ. ಓಂಕಾಳು ಇಲ್ಲವೇ ಜೀರಿಗೆ ಹಾಕಿ ಕುದಿಸಿದ ನೀರನ್ನು ಬಿಸಿಬಿಸಿಯಾಗಿ ಗಂಟೆಗೊಂದು ಲೋಟ ಕೊಡಿ ಅಂದು ನೋಡಿ. ಆ ಲೋಟ ತುಂಬುವ ಕೆಲಸವನ್ನು ಅತ್ತೆಗೇ ವಹಿಸಿ. ಜಗಳ ಅರ್ಧ ಅಲ್ಲೇ ಮುಗಿಯುತ್ತದೆ.

ಮೂರನೆಯದರಲ್ಲಿ ಮಾತ್ರ ಬಿಗಿಯಾಗಿರಿ. ಮೊದಲ ಹಾಲು ಹಿಂಡಿ ಚೆಲ್ಲುವುದು, ಕೂಸಿನ ಬಾಯಿಗೆ ಜೇನುತುಪ್ಪ ನೆಕ್ಕಿಸುವುದು, ಬಾಗಿಲು ಕಿಟಕಿ ಮುಚ್ಚಿದ ಕೋಣೆಯಲ್ಲಿ ಕೆಂಡದ ಹೊಗೆ ಹಾಕುವುದು, ಹೊಟ್ಟೆ ಉಬ್ಬಿತೆಂದು ಎಳೆ ಕೂಸಿಗೆ ಬರೆ ಹಾಕುವುದು. ಇವಕ್ಕೆ ರಾಜಿ ಇಲ್ಲ. ಬಿಗಿ ಅಂದರೆ ಬೈಗುಳ ಅಲ್ಲ ಮತ್ತೆ. ಬೈಸಿಕೊಂಡ ಅಜ್ಜಿ ಆಸ್ಪತ್ರೆಯಲ್ಲಿ ತಲೆ ಆಡಿಸುತ್ತಾಳೆ, ಮನೆಗೆ ಹೋಗಿ ಬರೆ ಹಾಕುತ್ತಾಳೆ.

ಒಂದು ಮಾತು ಇಲ್ಲೇ ಸೇರಿಸಬೇಕು. ಬದಲಾಗಬೇಕಾದವರು ಯಾವಾಗಲೂ ರೋಗಿಗಳೇ ಅಂದುಕೊಳ್ಳಬೇಡಿ. ಬಿಳಿಗಿರಿರಂಗನ ಬೆಟ್ಟದ ಸೋಲಿಗ ಹೆಣ್ಣುಮಕ್ಕಳು ಕುಕ್ಕರುಗಾಲಲ್ಲಿ ಕೂತು ಹೆರುವುದು ಹಳೆಯ ರೂಢಿ. ಆಸ್ಪತ್ರೆಗಳು ಅಂಗಾತ ಮಲಗಿ ಅಂದವು. ಯಾವ ಭಂಗಿ ಬೇಕೋ ಅದನ್ನು ಹೆರುವವಳೇ ಆರಿಸಿಕೊಳ್ಳಲಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2018ರ ಮಾರ್ಗಸೂಚಿಯಲ್ಲಿ ಹೇಳಿತು. ಸೋಲಿಗರ ಅಜ್ಜಿಯರನ್ನು ಯಾರಾದರೂ ಮೊದಲೇ ಕೇಳಿದ್ದರೆ!

ಇನ್ನು ರೋಜಾ ಹಿಡಿದ ಅಜ್ಜ. ದೊಡ್ಡ ಅಪಾಯ ಇರುವುದು ಗುಟ್ಟಿನಲ್ಲಿ. ಸಿಸ್ಟರ್ ಬೈತಾರೆ ಅಂತ ತಿಂಡಿ ತಿಂದೆ ಅನ್ನುತ್ತಾರೆ, ನೀವು ಬೆಳಗಿನ ಇನ್ಸುಲಿನ್ ಕೊಡುತ್ತೀರಿ, ಮಧ್ಯಾಹ್ನದ ಹೊತ್ತಿಗೆ ಸಕ್ಕರೆ ಪಾತಾಳಕ್ಕೆ. ಅದಕ್ಕೇ "ರೋಜಾ ಇದ್ದೀರಾ?" ಎಂದು ಮುಖ ಗಂಟಿಕ್ಕದೆ ಕೇಳಿ. ಇದ್ದೇನೆ ಅಂದರೆ ಡೋಸ್ ಹೇಗೆ ಬದಲಿಸಬೇಕೆಂದು ಡಾಕ್ಟರಿಗೆ ಬಿಡಿ. ಬೆರಳು ಚುಚ್ಚಿ ಸಕ್ಕರೆ ನೋಡಿದರೆ ರೋಜಾ ಮುರಿಯುವುದಿಲ್ಲ ಎಂಬುದು ಅನೇಕರಿಗೆ ಗೊತ್ತಿರುವುದಿಲ್ಲ, ತಿಳಿಸಿ. 70ಕ್ಕಿಂತ ಕೆಳಗಿಳಿದರೆ ಅಥವಾ 300 ದಾಟಿದರೆ ಉಪವಾಸ ಬಿಡಲೇಬೇಕು ಎಂಬುದು ಮಧುಮೇಹ ತಜ್ಞರ ಮಾತು. ಕಾಯಿಲೆಯವರು ಬೇರೆ ದಿನ ಉಪವಾಸ ತೀರಿಸಬಹುದು ಎಂದು ಕುರಾನಿನಲ್ಲೇ ಇದೆ, ನಿಜ. ಆದರೆ ಅದನ್ನು ನೀವು ಪಾಠ ಮಾಡಲು ಹೋಗಬೇಡಿ. ಅವರು ನಂಬುವ ಮೌಲ್ವಿಯವರ ಹತ್ತಿರ ಫೋನಿನಲ್ಲಿ ಮಾತಾಡಿಸಿ, ಕೆಲಸ ಬೇಗ ಆಗುತ್ತದೆ.

ಭಾಷೆಯ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಸೊಸೆಗೆ ಕೇಳಿದ ಪ್ರಶ್ನೆಗೆ ಅತ್ತೆ ಉತ್ತರ ಕೊಟ್ಟರೆ ಅದನ್ನು ಕೇಸ್ ಶೀಟಿನಲ್ಲಿ ಬರೆದುಕೊಳ್ಳಬೇಡಿ. ಹಿಂದಿ, ತೆಲುಗು, ಲಂಬಾಣಿ ಮಾತು ಬರುವ ಆಯಾ, ವಾರ್ಡ್ ಬಾಯ್ ಯಾರೆಂದು ಗೊತ್ತಿರಲಿ. ಶಾಲೆಗೆ ಹೋಗುವ ಮಗಳ ಬಾಯಿಂದ ತಾಯಿಯ ಬಿಳಿಸೆರಗಿನ ವಿಷಯ ಕೇಳಿಸುವುದಂತೂ ಖಂಡಿತ ಬೇಡ.

ಒಬ್ಬರೇ ಮೂವತ್ತು ಹಾಸಿಗೆ ನೋಡುವುದು ಅನ್ಯಾಯ, ಅದಕ್ಕೆ ನಾನು ಸಮಾಧಾನ ಹೇಳುವುದಿಲ್ಲ. ಸಿಬ್ಬಂದಿ ಕೊಡದೆ ತರಬೇತಿ ಮಾತ್ರ ಕೊಡುವುದು ಸುಮ್ನೆ ಕೈತೊಳೆದುಕೊಳ್ಳುವ ದಾರಿ. ಆದರೂ ದಾಖಲಾತಿ ಹಾಳೆಯಲ್ಲಿ ಯಾವ ಭಾಷೆ, ಏನು ಊಟ, ಉಪವಾಸ ಉಂಟೇ, ಮೈಮೇಲಿಂದ ತೆಗೆಯಬಾರದ್ದು ಏನಿದೆ ಎಂಬ ನಾಲ್ಕು ಸಾಲು ಸೇರಿಸಲು ಮೇಲಿನವರನ್ನು ಕೇಳಿ. ರಾತ್ರಿ ಪಾಳಿಯವರಿಗೆ ಹಗಲಿನವರು ಕೇಳಿದ್ದೇ ಸಿಗುತ್ತದೆ.

ಕೊನೆಗೆ ಜಾತಿಯ ಪ್ರಶ್ನೆ. ಇಲ್ಲ, ಹೊಂದಿಕೊಳ್ಳಬೇಕಾಗಿಲ್ಲ. ಹೆಣ್ಣು ರೋಗಿಯೊಬ್ಬಳು ಗಂಡು ಡಾಕ್ಟರು ಪರೀಕ್ಷೆ ಮಾಡುವಾಗ ಹೆಣ್ಣು ಸಿಬ್ಬಂದಿ ಜೊತೆಗಿರಬೇಕು ಅಂದರೆ ಅದು ಆಕೆಯ ಹಕ್ಕು. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ಸಿದ್ಧಪಡಿಸಿದ ರೋಗಿಗಳ ಸನ್ನದಿನಲ್ಲೂ ಅದಿದೆ. ಇಂಥ ಜಾತಿಯವರು ಮುಟ್ಟಬೇಡಿ ಅನ್ನುವುದು ಬೇರೆಯೇ ಸಂಗತಿ. ಅದನ್ನು ಸಂಸ್ಕೃತಿ ಎಂದು ಕರೆದು ಪಾಳಿ ಬದಲಿಸಿದರೆ ಆಸ್ಪತ್ರೆಯೇ ಅಸ್ಪೃಶ್ಯತೆಗೆ ಸಹಿ ಹಾಕಿದಂತೆ. ಆದರೆ ಈ ಉತ್ತರವನ್ನು ಬೇಡ ಅನ್ನಿಸಿಕೊಂಡ ನರ್ಸ್ ಒಬ್ಬಳೇ ರೋಗಿಯ ಮುಂದೆ ನಿಂತು ಕೊಡುವಂತಾಗಬಾರದು. ಡ್ಯೂಟಿ ಡಾಕ್ಟರೋ ನರ್ಸಿಂಗ್ ಸೂಪರಿಂಟೆಂಡೆಂಟೋ ಮಂಚದ ಹತ್ತಿರ ಬಂದು, "ಇವತ್ತಿನ ಪಾಳಿ ಇವರದ್ದೇ, ನಿಮ್ಮನ್ನು ನೋಡಿಕೊಳ್ಳೋದು ಇವರೇ" ಎಂದು ಎಲ್ಲರೆದುರು ಹೇಳಬೇಕು. ನಿಮ್ಮಲ್ಲಿ ಅವರು ಹಾಗೆ ಬರುತ್ತಾರಾ? ಬರದಿದ್ದರೆ ಇನ್ನೊಂದು ಪತ್ರ ಬರೆಯಿರಿ. ಆಗಲೂ ಹೆಸರು ಹಾಕುವುದಿಲ್ಲ.

— ಸಂಪಾದಕ