ಉದ್ಯಮಬಾಗದ ಮಷಿನ್ ಶಾಪ್‌ನಲ್ಲಿ ಕಿಟ್ ವಿಮಾನ ಜೋಡಿಸಿ ಹಾರಿಸಬಹುದಾ?

ನಿಮ್ಮ ಪ್ರಶ್ನೆ ಇದು: "ಬೆಳಗಾವಿಯ ಉದ್ಯಮಬಾಗದಲ್ಲಿ ನನ್ನದೊಂದು ಮಷಿನ್ ಶಾಪ್ ಇದೆ. ಲೇಥ್, ಮಿಲ್ಲಿಂಗ್, ಟಿಗ್ ವೆಲ್ಡಿಂಗ್ ಎಲ್ಲಾ ಇದೆ. ಎರಡು ಸೀಟಿನ ಕಿಟ್ ವಿಮಾನ ತರಿಸಿ ನಾನೇ ಜೋಡಿಸಿ ಹಾರಿಸಬಹುದಾ? ಬೇಕಾದ ಪಾರ್ಟ್ ಇಲ್ಲೇ ಮಾಡಿಕೊಂಡರೆ ಖರ್ಚು ಉಳಿಯಲ್ವಾ?"

ಜೋಡಿಸಬಹುದು. ಹಾರಿಸಲೂಬಹುದು. ಪಾರ್ಟ್ ಇಲ್ಲೇ ಮಾಡಿಕೊಳ್ಳುವ ಆಸೆಯೊಂದನ್ನು ಬಿಟ್ಟುಬಿಡಿ. ನಿಮ್ಮ ಕೈ ಈ ಕೆಲಸಕ್ಕೆ ಸಾಕು, ಅದರಲ್ಲಿ ಅನುಮಾನ ಇಲ್ಲ. ಆದರೆ ಶಾಪ್‌ನಲ್ಲಿ ಇಷ್ಟು ವರ್ಷ ರೂಢಿಯಾದ ಕೆಲವು ಅಭ್ಯಾಸಗಳನ್ನು ವಿಮಾನದ ಹತ್ತಿರ ತರಬಾರದು. ನನ್ನ ಉತ್ತರದ ಹೆಚ್ಚಿನ ಭಾಗ ಅದರ ಬಗ್ಗೆಯೇ ಇದೆ.

ಮೊದಲು ನಾನು ಯಾರು ಅಂತ ಹೇಳಿಬಿಡುತ್ತೇನೆ. ಬೆಳಗಾವಿಯ ವಿಮಾನ ನಿಲ್ದಾಣ ಇರುವ ಸಾಂಬ್ರಾದಲ್ಲಿ ತರಬೇತಿ ಮುಗಿಸಿ ಏರ್‌ಫೋರ್ಸ್‌ನಲ್ಲಿ 20 ವರ್ಷ ಏರ್‌ಫ್ರೇಮ್ ಫಿಟ್ಟರ್ ಆಗಿದ್ದೆ, ಅಂದರೆ ವಿಮಾನದ ಮೈಕಟ್ಟಿನ ಕೆಲಸ. ಈಗ ಮನೆ ಟಿಳಕವಾಡಿಯಲ್ಲಿ. ನಾವು ಮೂವರು ಗೆಳೆಯರು ಸೇರಿ ಒಂದು ಸೆಕೆಂಡ್ ಹ್ಯಾಂಡ್ ಝೆನಿತ್ ಸಿಎಚ್ 701 ಇಟ್ಟುಕೊಂಡಿದ್ದೇವೆ. ಕ್ರಿಸ್ ಹೈಂಟ್ಸ್ ಅನ್ನುವ ಎಂಜಿನಿಯರ್ ವಿನ್ಯಾಸ ಮಾಡಿದ ವಿಮಾನ ಅದು. 6061-ಟಿ6 ಅನ್ನುವ, ಶಾಖ ಕೊಟ್ಟು ಗಟ್ಟಿ ಮಾಡಿದ ಅಲ್ಯುಮಿನಿಯಂ ತಗಡು, ಎಳೆದು ಕೂರಿಸುವ ಬ್ಲೈಂಡ್ ರಿವೆಟ್, ಮುಂದೆ 80 ಎಚ್‌ಪಿಯ ರೋಟಾಕ್ಸ್ 912 ಎಂಜಿನ್. ಎನ್‌ಸಿಸಿ ಏರ್ ವಿಂಗ್‌ನ ಹುಡುಗರು ಇದೇ ಮಾದರಿಯಲ್ಲಿ ವರ್ಷಗಟ್ಟಲೆ ಹಾರಿದ್ದಾರೆ. ನಮ್ಮದು ನಿಲ್ಲುವುದು ಒಂದು ಖಾಸಗಿ ಏರ್‌ಸ್ಟ್ರಿಪ್‌ನಲ್ಲಿ. ಬೆಳಗಾವಿಯಿಂದ ಕಾರಿನಲ್ಲಿ ನಾಲ್ಕು ತಾಸು.

ಈಗ ಪಾರ್ಟ್ ವಿಷಯ. ಫೌಂಡ್ರಿ ಜೊತೆ ವ್ಯವಹಾರ ಇದ್ದರೆ ನಿಮಗೆ ಹೀಟ್ ನಂಬರ್ ಅಂದರೆ ಏನು ಅಂತ ಗೊತ್ತು. ಯಾವ ದಿನ, ಯಾವ ಕುಲುಮೆಯಿಂದ ಸುರಿದ ಲೋಹ ಅಂತ ಅದು ಹೇಳುತ್ತದೆ. ನಮ್ಮ ಹತ್ತರಗಿಯ ಏರೋಸ್ಪೇಸ್ ಎಸ್‌ಇಝಡ್‌ನಿಂದ (ವಿಶೇಷ ಆರ್ಥಿಕ ವಲಯ) ದೊಡ್ಡ ದೊಡ್ಡ ವಿಮಾನಗಳಿಗೆ ಪಾರ್ಟ್ ಹೋಗುತ್ತದಲ್ಲ, ಪ್ರತಿಯೊಂದರ ಹಿಂದೆಯೂ ಇಂಥ ದಾಖಲೆ ಇರುತ್ತದೆ. ಕಿಟ್ ಕಂಪನಿ ಕಳಿಸುವ ತಗಡಿನದೂ ಹಾಗೆಯೇ. ಅಂಗಡಿಯಲ್ಲಿ ಕೊಂಡ ಅಲ್ಯುಮಿನಿಯಂ ಹಾಳೆ ಕಣ್ಣಿಗೆ ಅದೇ ಥರ ಕಾಣಬಹುದು. ಅದು ಟಿ6 ಹೌದೋ ಅಲ್ಲವೋ ಅಂತ ಕಣ್ಣು ಹೇಳಲಾರದು.

ಎರಡು ವರ್ಷದ ಹಿಂದೆ ನಮ್ಮ ವಿಮಾನದ ಥ್ರಾಟಲ್ ಕೇಬಲ್ ಹಿಡಿಯುವ ಬ್ರಾಕೆಟ್‌ನಲ್ಲಿ ಬಿರುಕು ಕಂಡಿತು. ಉದ್ಯಮಬಾಗದ ಒಬ್ಬ ಹುಡುಗ, ಬಹಳ ಒಳ್ಳೆಯ ಕೆಲಸಗಾರ, ಒಂದೇ ರಾತ್ರಿಯಲ್ಲಿ 3 ಮಿಮೀ ಸ್ಟೇನ್‌ಲೆಸ್‌ನಲ್ಲಿ ಹೊಸದು ಮಾಡಿ ತಂದ. ಅಂಚುಗಳು ಕನ್ನಡಿಯ ಹಾಗೆ. "ಹಳೇದಕ್ಕಿಂತ ಮೂರು ಪಟ್ಟು ಗಟ್ಟಿ ಐತ್ರೀ ಕಾಕಾ" ಅಂದ. ನನಗೆ ಅದನ್ನು ಹಾಕಲು ಮನಸ್ಸಾಗಲಿಲ್ಲ. ಎಂಜಿನ್ ನಡುಗುತ್ತಿರುತ್ತದೆ. ಬ್ರಾಕೆಟ್ ಬಾಗದಿದ್ದರೆ ಆ ನಡುಕ ಹಿಂದಿನ ತೆಳು ತಗಡಿಗೆ ಹೋಗುತ್ತದೆ, ಮುಂದಿನ ಬಿರುಕು ಅಲ್ಲಿ ಬರುತ್ತದೆ. ಸಾಲದ್ದಕ್ಕೆ ಸ್ಟೇನ್‌ಲೆಸ್ ಅಲ್ಯುಮಿನಿಯಂಗೆ ತಾಗಿಕೊಂಡಿದ್ದು ನಡುವೆ ತೇವ ಸೇರಿದರೆ, ಅಲ್ಯುಮಿನಿಯಂ ಬಿಳಿ ಪುಡಿಯಾಗಿ ಸವೆಯುತ್ತದೆ. ಬೆಳಗಾವಿ ಮಳೆಗಾಲದ ತೇವ ನಿಮಗೆ ಗೊತ್ತೇ ಇದೆ. ಕಂಪನಿಯ ಪಾರ್ಟ್ ಬರುವವರೆಗೆ ಐದು ವಾರ ಕಾದೆವು. ಆ ಹುಡುಗನಿಗೆ ಇದೆಲ್ಲ ಬಿಡಿಸಿ ಹೇಳಿದೆ. ಅವನಿಗೆ ಬೇಜಾರಾಯಿತು, ಆದರೆ ಅರ್ಥವಾಯಿತು.

ಲೇಸರ್ ಕಟಿಂಗ್ ಇದೆ, ತೂತು ಕರಾರುವಾಕ್ಕಾಗಿ ಬರುತ್ತದೆ ಅಂತ ನಿಮಗೆ ಅನ್ನಿಸಬಹುದು. ಅಮೆರಿಕದ ವ್ಯಾನ್ಸ್ ಏರ್‌ಕ್ರಾಫ್ಟ್ ಕಿಟ್ ವಿಮಾನಗಳಲ್ಲಿ ದೊಡ್ಡ ಹೆಸರು. ರಿಚರ್ಡ್ ವ್ಯಾನ್‌ಗ್ರನ್ಸ್‌ವೆನ್ 1973ರಲ್ಲಿ ಶುರು ಮಾಡಿದ್ದು. ಅವರ ಆರ್‌ವಿ ಸರಣಿಯ ವಿಮಾನಗಳು ಜಗತ್ತಿನಲ್ಲಿ 11,000ಕ್ಕೂ ಜಾಸ್ತಿ ಹಾರಿವೆ. ಅಂಥವರೂ ಕೆಲಕಾಲ ರಿವೆಟ್ ತೂತುಗಳನ್ನು ಲೇಸರ್‌ನಲ್ಲಿ ಕತ್ತರಿಸಿದರು. ರಿವೆಟ್ ತಲೆ ಕೂರಿಸಲು ತೂತಿನ ಅಂಚನ್ನು ಒತ್ತಿ ಬಾಗಿಸುವಾಗ ಅಲ್ಲಿ ಸಣ್ಣ ಬಿರುಕು ಕಾಣಿಸತೊಡಗಿತು. ಸಾವಿರಾರು ಪಾರ್ಟ್ ಬದಲಿಸಿಕೊಡಬೇಕಾಯಿತು. ಇದೂ ಸೇರಿ ಹಲವು ಹೊರೆಗಳಿಂದ 2023ರ ಡಿಸೆಂಬರ್‌ನಲ್ಲಿ ಕಂಪನಿ ದಿವಾಳಿ ರಕ್ಷಣೆ ಕೋರಿತು. ಅಷ್ಟು ಅನುಭವ ಇದ್ದವರಿಗೇ ಒಂದು ತೂತಿನ ಅಂಚು ಇಷ್ಟು ಕಷ್ಟ ಕೊಟ್ಟಿತು ಅಂದಮೇಲೆ, ನಾವು ಪ್ರತಿ ತೂತಿನ ಬರ್ (ಅಂಚಿನಲ್ಲಿ ಉಳಿಯುವ ಚೂಪು ಚೂರು) ತೆಗೆಯುವಾಗ ಅವಸರ ಮಾಡಬಾರದು ಅಲ್ವಾ? ಒಂದು ರೆಕ್ಕೆಯಲ್ಲಿ ಅಂಥ ತೂತು ಸಾವಿರಗಟ್ಟಲೆ ಇರುತ್ತವೆ.

ಬೋಲ್ಟು ಬಿಗಿಯುವುದು ಇನ್ನೊಂದು ಅಭ್ಯಾಸ. ವಿಮಾನದ ಎಎನ್3 ಬೋಲ್ಟಿನ ದಪ್ಪ ಒಂದು ಇಂಚಿನ 16ರಲ್ಲಿ 3 ಭಾಗ. ಅದಕ್ಕೆ ಹೇಳಿರುವ ಬಿಗಿ 20ರಿಂದ 25 ಇಂಚ್-ಪೌಂಡ್. ಟಾರ್ಕ್ ವ್ರೆಂಚ್ ಇಟ್ಟು ನೋಡಿ, ಕೈಗೆ ಅದು ಏನೂ ಅನ್ನಿಸುವುದಿಲ್ಲ. ನಮ್ಮ ಕೈ "ಇನ್ನೊಂಚೂರು" ಅನ್ನುತ್ತದೆ. ಆ ಇನ್ನೊಂಚೂರು ಬೋಲ್ಟನ್ನು ಎಳೆದು ಬಲಹೀನ ಮಾಡುತ್ತದೆ. ಪಾನಾ ಹಿಡಿದು ಅಂದಾಜಿನಲ್ಲಿ ಬಿಗಿಯುವ ಕೆಲಸ ಇಲ್ಲಿ ಇಲ್ಲವೇ ಇಲ್ಲ. ಬೋಲ್ಟಿನ ನುಣುಪು ಭಾಗ ತಗಡುಗಳ ದಪ್ಪಕ್ಕೆ ಸರಿಯಾಗಿ ಹೊಂದಬೇಕು. ಚೂಡಿ (ಥ್ರೆಡ್) ಭಾಗ ತೂತಿನೊಳಗೆ ಕೂತು ಭಾರ ಹೊರಬಾರದು. ಒಳಗೆ ನೈಲಾನ್ ಉಂಗುರ ಇರುವ ನೈಲಾಕ್ ನಟ್ಟಿನಿಂದ ಬೋಲ್ಟಿನ ತುದಿ ಹೊರಗೆ ಇಣುಕಬೇಕು. ನಾನು ಒಮ್ಮೆ ಬಿಚ್ಚಿದ ನೈಲಾಕ್ ನಟ್ಟನ್ನು ಮತ್ತೆ ಹಾಕುವುದಿಲ್ಲ. ಬಿಗಿದ ಮೇಲೆ ನಟ್ಟಿಗೂ ತಗಡಿಗೂ ಸೇರಿಸಿ ಒಂದು ಬಣ್ಣದ ಗೆರೆ ಎಳೆಯಿರಿ. ನಟ್ಟು ಕೂದಲೆಳೆಯಷ್ಟು ತಿರುಗಿದರೂ ಗೆರೆ ಒಡೆಯುತ್ತದೆ. ಪ್ರತಿ ಹಾರಾಟದ ಮೊದಲು ಟಾರ್ಚ್ ಹಿಡಿದು ನಾನು ಹುಡುಕುವುದು ಆ ಒಡೆದ ಗೆರೆಯನ್ನೇ.

ಎಂಜಿನ್ ಬಗ್ಗೆ ಸ್ವಲ್ಪ ಜಾಸ್ತಿ ಹೇಳುತ್ತೇನೆ, ಯಾಕೆಂದರೆ ರಿಪೇರಿ ಅಂದರೆ ಹೆಚ್ಚಿನ ಸಲ ಇದೇ. ರೋಟಾಕ್ಸ್ 912ರ ಆಯಿಲ್ ಎಂಜಿನ್ನಿನ ಅಡಿಯಲ್ಲಿ ನಿಲ್ಲುವುದಿಲ್ಲ, ಪಕ್ಕದ ಬೇರೆ ಟ್ಯಾಂಕ್‌ನಲ್ಲಿ ಇರುತ್ತದೆ. ರಾತ್ರಿ ನಿಂತಿದ್ದ ಎಂಜಿನ್ನಿನ ಆಯಿಲ್ ಕಡ್ಡಿ ತೆಗೆದು ನೋಡಿದರೆ ಸರಿಯಾದ ಅಳತೆ ಸಿಗುವುದಿಲ್ಲ. ಇಗ್ನಿಷನ್ ಸ್ವಿಚ್ ಎರಡೂ ಆಫ್ ಇವೆ ಅಂತ ಮೊದಲು ನೋಡಿ, ಇನ್ನೊಮ್ಮೆಯೂ ನೋಡಿ. ಆಮೇಲೆ ಪ್ರೊಪೆಲ್ಲರನ್ನು ಅದು ತಿರುಗುವ ದಿಕ್ಕಿಗೇ ಕೈಯಿಂದ ನಿಧಾನವಾಗಿ ತಿರುಗಿಸುತ್ತಾ ಹೋಗಿ. ಹತ್ತಾರು ಸುತ್ತು ಆದಮೇಲೆ ಟ್ಯಾಂಕಿನೊಳಗೆ ಗುಳುಗುಳು ಅಂತ ಸದ್ದು ಬರುತ್ತದೆ. ಉಳಿದ ಆಯಿಲ್ ಟ್ಯಾಂಕಿಗೆ ಬಂತು ಅಂತ ಅರ್ಥ. ಆಗ ಕಡ್ಡಿ ನೋಡಬೇಕು. ಬೆಳಗಿನ ತಂಪಿನಲ್ಲಿ ಆ ಸದ್ದು ಕೇಳುವವರೆಗೆ ನಮ್ಮಲ್ಲಿ ಯಾರೂ ಮಾತಾಡುವುದಿಲ್ಲ.

ಈ ಎಂಜಿನ್ನಿಗೆ ಕಾರ್ಬುರೇಟರ್ ಎರಡು. ಒಂದೊಂದೂ ಒಂದು ರಬ್ಬರ್ ಸಾಕೆಟ್ ಮೇಲೆ ಕೂತಿರುತ್ತದೆ. ಕಳೆದ ವರ್ಷ ಐಡ್ಲಿಂಗ್‌ನಲ್ಲಿ ಎಂಜಿನ್ ಸ್ವಲ್ಪ ಒರಟು ಅನ್ನಿಸಿತು. ಮೇಲೆ ನೋಡಿದರೆ ರಬ್ಬರ್ ಚೆನ್ನಾಗಿಯೇ ಇತ್ತು. ಕಾರ್ಬುರೇಟರನ್ನು ಕೈಯಲ್ಲಿ ಹಿಡಿದು ಮೆಲ್ಲಗೆ ಬಾಗಿಸಿ, ಕೆಳಗಿಂದ ಟಾರ್ಚ್ ಬಿಟ್ಟಾಗ ಉಗುರಿನಷ್ಟು ಉದ್ದದ ಬಿರುಕು ಬಾಯಿ ತೆರೆಯಿತು. ಗಾಳಿಯಲ್ಲಿದ್ದಾಗ ಅದು ಪೂರ್ತಿ ಹರಿದಿದ್ದರೆ ಎಂಜಿನ್ನಿನ ಅರ್ಧ ಬಲ ಹೋಗುತ್ತಿತ್ತು. ರಬ್ಬರ್ ಭಾಗಗಳನ್ನೆಲ್ಲ 5 ವರ್ಷಕ್ಕೊಮ್ಮೆ ಬದಲಿಸಿ ಅಂತ ರೋಟಾಕ್ಸ್ ಹೇಳುತ್ತದೆ. ನಮ್ಮ ರಬ್ಬರ್‌ಗೆ ಆಗ ನಾಲ್ಕೇ ವರ್ಷ ಆಗಿತ್ತು. ಅವತ್ತಿನಿಂದ ನಾವು ಕ್ಯಾಲೆಂಡರ್ ನೋಡುತ್ತಾ ಕೂರುವುದಿಲ್ಲ. ತಿಂಗಳಿಗೊಮ್ಮೆ ಬಾಗಿಸಿ ನೋಡುತ್ತೇವೆ.

ಇನ್ನು ಪೆಟ್ರೋಲ್. ಬೆಳಗಾವಿ, ಬಾಗಲಕೋಟೆ ಕಡೆ ಇದನ್ನು ಹೇಳುವುದು ಕಷ್ಟ, ಯಾಕೆಂದರೆ ನಮ್ಮ ಕಬ್ಬಿನಿಂದಲೇ ಎಥೆನಾಲ್ ಆಗುತ್ತದೆ, ನಮ್ಮ ರೈತರ ಹೊಟ್ಟೆಪಾಡು ಅದರಲ್ಲಿದೆ. ಆದರೂ ಹೇಳಲೇಬೇಕು. ರೋಟಾಕ್ಸ್ 912ಕ್ಕೆ ಒಪ್ಪಿಗೆ ಇರುವುದು 10 ಪರ್ಸೆಂಟ್ ಎಥೆನಾಲ್‌ವರೆಗೆ ಮಾತ್ರ. ಬಂಕ್‌ನಲ್ಲಿ ಈಗ ಸಾಮಾನ್ಯವಾಗಿ ಸಿಗುವುದು 20 ಪರ್ಸೆಂಟಿನದು. ಎಥೆನಾಲ್ ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ, ಹಳೆಯ ಪೈಪು ಮತ್ತು ಸೀಲ್‌ಗಳನ್ನು ಮೆತ್ತಗೆ ಮಾಡುತ್ತದೆ. ನೀವೇ ಪರೀಕ್ಷೆ ಮಾಡಿ ನೋಡಬಹುದು. ಉದ್ದನೆಯ ಗಾಜಿನ ಅಳತೆ ಜಾರ್‌ನಲ್ಲಿ 10 ಮಿಲಿ ನೀರು ಹಾಕಿ, 100ರವರೆಗೆ ಪೆಟ್ರೋಲ್ ತುಂಬಿ, ಮುಚ್ಚಿ ಅಲುಗಾಡಿಸಿ ಇಟ್ಟುಬಿಡಿ. ತಿಳಿಯಾದ ಮೇಲೆ ನೀರಿನ ಗೆರೆ 10ರಲ್ಲೇ ನಿಂತರೆ ಎಥೆನಾಲ್ ಇಲ್ಲ. ಗೆರೆ ಮೇಲೇರಿದ್ದರೆ ಎಥೆನಾಲ್ ನೀರಿನ ಜೊತೆ ಸೇರಿಕೊಂಡಿದೆ. ನಾವು ಈಗ ಹಾಕುವುದು ಏವಿಗ್ಯಾಸ್ 100ಎಲ್‌ಎಲ್, ಅಂದರೆ ಸಣ್ಣ ವಿಮಾನಗಳ ಪೆಟ್ರೋಲ್. ಇಂಡಿಯನ್ ಆಯಿಲ್ 2022ರಿಂದ ಅದನ್ನು ದೇಶದಲ್ಲೇ ಮಾಡುತ್ತಿದೆ. ಬೆಲೆ ಜಾಸ್ತಿ. ಅದರಲ್ಲಿ ಸೀಸ ಇರುವುದರಿಂದ ಎಂಜಿನ್ ಆಯಿಲನ್ನೂ ಬೇಗ ಬದಲಿಸಬೇಕು. ತಾಸಿಗೆ 15ರಿಂದ 20 ಲೀಟರ್ ಅಂತ ಲೆಕ್ಕ ಹಿಡಿಯಿರಿ.

ದುಡ್ಡಿನ ವಿಷಯ ಚಿಕ್ಕದಾಗಿ ಹೇಳಿಬಿಡುತ್ತೇನೆ. ಹೊಸ ರೋಟಾಕ್ಸ್ ಎಂಜಿನ್ ಒಂದಕ್ಕೇ 20 ಲಕ್ಷ ರೂಪಾಯಿ ದಾಟುತ್ತದೆ. ಒಬ್ಬರೇ ಹೊರಬೇಡಿ. ಪಾಲುದಾರರು ಇಬ್ಬರು ಮೂವರು ಇದ್ದರೆ ಜೇಬಿಗಷ್ಟೇ ಅಲ್ಲ, ತಪ್ಪು ಹುಡುಕುವ ಕಣ್ಣುಗಳಿಗೂ ಒಳ್ಳೆಯದು.

ಕಾಗದಪತ್ರದ ವಿಷಯ ಇದಕ್ಕಿಂತ ಉದ್ದ. ಅಮೆರಿಕದಲ್ಲಿ ಅರ್ಧಕ್ಕಿಂತ ಹೆಚ್ಚು ಕೆಲಸ ತಾನೇ ಮಾಡಿದವನಿಗೆ, ಆ ವಿಮಾನದ ವಾರ್ಷಿಕ ತಪಾಸಣೆಯನ್ನೂ ತಾನೇ ಮಾಡಿ ಸಹಿ ಹಾಕುವ ಅವಕಾಶ ಇದೆ. ಅಲ್ಲಿನ ವಿಡಿಯೋ ನೋಡಿ ಇಲ್ಲೂ ಹಾಗೇ ಅಂದುಕೊಳ್ಳಬೇಡಿ. ಇಲ್ಲಿ ಡಿಜಿಸಿಎ (ದೇಶದ ನಾಗರಿಕ ವಿಮಾನಯಾನದ ನಿಯಂತ್ರಕ ಸಂಸ್ಥೆ) ನೋಂದಣಿ ಬೇಕು, ಹಾರಲು ಅನುಮತಿ ಬೇಕು, ಕೆಲಸಕ್ಕೆ ಅಧಿಕಾರ ಇರುವ ಎಂಜಿನಿಯರ್ ಸಹಿ ಬೇಕು. ಮುಂಬೈನ ಅಮೋಲ್ ಯಾದವ್ ಮನೆ ತಾರಸಿ ಮೇಲೆ ವಿಮಾನ ಕಟ್ಟಿ 2016ರಲ್ಲೇ ಜನರಿಗೆ ತೋರಿಸಿದ್ದರು. ನೋಂದಣಿ ಆಗಿದ್ದು 2017ರಲ್ಲಿ, ಹಾರಾಟದ ಅನುಮತಿ ಸಿಕ್ಕಿದ್ದು 2019ರಲ್ಲಿ. ಅವರದು ಸ್ವಂತ ವಿನ್ಯಾಸ. ಹೆಸರಾದ ಕಿಟ್ ಆದರೆ ಕೇಳುವ ಪ್ರಶ್ನೆಗಳು ಕಡಿಮೆ. ಆದರೂ ಕಿಟ್‌ಗೆ ಅಡ್ವಾನ್ಸ್ ಕಟ್ಟುವ ಮೊದಲು ಡಿಜಿಸಿಎಗೆ ಬರೆದು, ಯಾವ ವರ್ಗದಲ್ಲಿ ಬರುತ್ತದೆ ಅಂತ ಲಿಖಿತ ಉತ್ತರ ತರಿಸಿಕೊಳ್ಳಿ. ಬಾಯಿಮಾತಿಗೆ ಬೆಲೆ ಇಲ್ಲ. ಕಟ್ಟುವಾಗಲೂ ಪ್ರತಿ ದಿನದ ಕೆಲಸಕ್ಕೆ ಫೋಟೋ, ತಾರೀಖು, ರಿವೆಟ್ ಡಬ್ಬಿಯ ಚೀಟಿ ಸಮೇತ ಒಂದು ಪುಸ್ತಕ ಇಡಿ.

ಹಾರಿಸುವುದಕ್ಕೆ ಬಂದರೆ, ಬೆಳಗಾವಿಯಲ್ಲೇ ಹಾರಿಸುವುದು ಸ್ವಲ್ಪ ಕಷ್ಟ. ಸಾಂಬ್ರಾದಲ್ಲಿ ಪ್ರಯಾಣಿಕರ ವಿಮಾನ, ಏರ್‌ಫೋರ್ಸ್, ತರಬೇತಿ ವಿಮಾನ ಎಲ್ಲಾ ಇವೆ. ಮನಸ್ಸು ಬಂದಾಗ ಎತ್ತಿಕೊಂಡು ಹೋಗುವ ಜಾಗ ಅಲ್ಲ ಅದು. ನಮ್ಮ ಸೀಮೆಯ ಬಿಸಿಲನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಬೆಳಗಾವಿ ಸಮುದ್ರಮಟ್ಟದಿಂದ ಸುಮಾರು 2,500 ಅಡಿ ಎತ್ತರ. ಏಪ್ರಿಲ್ ಮಧ್ಯಾಹ್ನ 37 ಡಿಗ್ರಿ ಇದ್ದರೆ ಗಾಳಿ ಎಷ್ಟು ತೆಳುವಾಗುತ್ತದೆ ಅಂದರೆ, ರೆಕ್ಕೆಗೂ ಎಂಜಿನ್ನಿಗೂ ಅದು ಐದೂವರೆ ಸಾವಿರ ಅಡಿ ಮೇಲಿನ ಗಾಳಿ. ವಿಜಯಪುರ ಇಷ್ಟು ಎತ್ತರ ಇಲ್ಲ, ಆದರೆ ಬಿಸಿಲು 40 ಮುಟ್ಟಿದಾಗ ಅಲ್ಲೂ ಹತ್ತಿರ ಹತ್ತಿರ ಅದೇ ಲೆಕ್ಕ. ಬೆಳಿಗ್ಗೆ ಸಲೀಸಾಗಿ ಎದ್ದ ವಿಮಾನ ಮಧ್ಯಾಹ್ನ ಇಬ್ಬರನ್ನು ಹೊತ್ತು ಏಳಲು ಒದ್ದಾಡುತ್ತದೆ. ನಾವು ಒಂಬತ್ತರೊಳಗೆ ಹಾರಾಟ ಮುಗಿಸುತ್ತೇವೆ.

ಇನ್ನೊಂದು ಮಾತು. ಒಂದೇ ಎಂಜಿನ್ ಇರುವವನು ಯಾವಾಗಲೂ ಕೆಳಗೊಂದು ಹೊಲ ಕಣ್ಣಲ್ಲಿಟ್ಟುಕೊಂಡೇ ಹಾರಬೇಕು. ಎದ್ದು ನಿಂತ ಕಬ್ಬು ಮೇಲಿಂದ ಮೆತ್ತನೆಯ ಹಾಸಿಗೆಯ ಹಾಗೆ ಕಾಣುತ್ತದೆ. ಅದು ಎಂಟು ಹತ್ತು ಅಡಿ ಎತ್ತರ ಇರುತ್ತದೆ, ಗಾಲಿ ಸಿಕ್ಕಿಕೊಂಡರೆ ವಿಮಾನ ಮಗುಚುತ್ತದೆ. ಬೇಸಿಗೆಯಲ್ಲಿ ಜೋಳ ಕೊಯ್ದ ಎರೆ ಹೊಲ ಒಳ್ಳೆಯದು, ಸಾಲಿನ ಉದ್ದಕ್ಕೇ ಇಳಿಯಬೇಕು. ಅದೇ ಹೊಲ ಮಳೆಯಾದ ಮೇಲೆ ಗಾಲಿಯನ್ನು ಬಿಡುವುದೇ ಇಲ್ಲ. ಎಲ್ಲಿ ಏನು ಬಿತ್ತಿದ್ದಾರೆ ಅಂತ ತಿಳಿಯಲು ನಾನು ಬಸ್ಸಿನಲ್ಲಿ ಹೋಗುವಾಗಲೂ ಕಿಟಕಿ ಪಕ್ಕ ಕೂರುತ್ತೇನೆ.

ಹಾಗಾದರೆ ಶುರು ಎಲ್ಲಿಂದ? ಪೂರ್ತಿ ಕಿಟ್ ತರಿಸಬೇಡಿ. ಝೆನಿತ್‌ನವರು ರಡ್ಡರ್ (ಬಾಲದ ಚುಕ್ಕಾಣಿ) ಒಂದನ್ನೇ ಬಿಡಿ ಕಿಟ್ ಆಗಿ ಮಾರುತ್ತಾರೆ. ಅವರ ಕಾರ್ಖಾನೆಯಲ್ಲಿ ಹೊಸಬರು ಎರಡು ದಿನದ ಶಿಬಿರದಲ್ಲಿ ಅದನ್ನು ಕಟ್ಟಿ ಮನೆಗೆ ಒಯ್ಯುತ್ತಾರೆ. ನೀವು ಒಂದು ತಿಂಗಳು ತೆಗೆದುಕೊಳ್ಳಿ. ದಿನಕ್ಕೆ ಒಂದು ತಾಸು, ಶಾಪ್ ಮುಚ್ಚಿದ ಮೇಲೆ, ಒಬ್ಬರೇ. ಬರ್ ತೆಗೆಯುವುದು, ಕ್ಲೆಕೊ (ರಿವೆಟ್ ಹಾಕುವ ಮೊದಲು ತಗಡುಗಳನ್ನು ಹಿಡಿದಿಡುವ ಪಿನ್) ಹಾಕುವುದು, ತೆಗೆಯುವುದು, ಮತ್ತೆ ಹಾಕುವುದು, ಬರೆದಿಡುವುದು. ಆ ತಿಂಗಳು ಮುಗಿದಾಗ ಇನ್ನೂ ಬೇಕು ಅನ್ನಿಸಿದರೆ ರೆಕ್ಕೆ ತರಿಸಿ. ಬರೀ ಹಾರುವ ಆಸೆ ಇದ್ದರೆ ಫ್ಲೈಯಿಂಗ್ ಸ್ಕೂಲ್‌ಗೆ ಹೋಗಿ. ಖಾಸಗಿ ಪೈಲಟ್ ಲೈಸೆನ್ಸ್‌ಗೆ 40 ತಾಸು ಹಾರಾಟ ಬೇಕು, ಒಂದು ವಿಮಾನ ಕಟ್ಟುವುದಕ್ಕಿಂತ ಬಹಳ ಬೇಗ ಮುಗಿಯುತ್ತದೆ.

ಮತ್ತೆ, ರಡ್ಡರ್‌ಗಿಂತಲೂ ಮೊದಲು ಕ್ಲಾಸ್ 2 ಮೆಡಿಕಲ್, ಅಂದರೆ ಪೈಲಟ್‌ಗೆ ಬೇಕಾದ ವೈದ್ಯಕೀಯ ಪರೀಕ್ಷೆ ಮಾಡಿಸಿ. ನಮ್ಮ ಮೂವರಲ್ಲಿ ಒಬ್ಬರು ಪಾಲಿನ ದುಡ್ಡು ಕೊಟ್ಟಾದ ಮೇಲೆ ಮೆಡಿಕಲ್‌ಗೆ ಹೋದರು. ಪಾಸಾಗಲಿಲ್ಲ. ದುಡ್ಡು ವಾಪಸ್ ಕೊಡುತ್ತೇವೆ ಅಂದರೂ ಬೇಡ ಅಂದರು. ಈಗ ಲಾಗ್‌ಬುಕ್ ಅವರ ಕೈಯಲ್ಲಿದೆ. ಆ ಕಾರ್ಬುರೇಟರ್ ಬಿರುಕನ್ನು ಕಂಡವರೂ ಅವರೇ. ಅವರು ಸುತ್ತಲೂ ನೋಡಿ ಕೌಲಿಂಗ್ (ಎಂಜಿನ್ ಮುಚ್ಚಳ) ಮುಚ್ಚದ ಹೊರತು ನಾನು ಸೀಟಿಗೆ ಹತ್ತುವುದಿಲ್ಲ. ಅವರು ಕೈ ಒರೆಸಿಕೊಂಡು ಬಂದು ನನ್ನ ಬಲಗಡೆ ಕೂತು ಬೆಲ್ಟ್ ಹಾಕಿಕೊಳ್ಳುತ್ತಾರೆ.