ಬಿದ್ದ ಮರಗಳು ಏನು ಹೇಳುತ್ತವೆ?

ಪ್ರಶ್ನೆ: ಒಂದೇ ಒಂದು ಕಪ್ಪು ಮೋಡ ಬಂತು, ಐದೇ ನಿಮಿಷದಲ್ಲಿ ಮರಗಳೆಲ್ಲ ಉರುಳಿದವು. ಇದು ಸುಂಟರಗಾಳಿಯೇ?

ಉತ್ತರ: ನಾನಾದರೆ ಮೊದಲು ಮರ ಬಿದ್ದ ದಿಕ್ಕು ನೋಡುತ್ತೇನೆ. ಒಂದು ಜಾಗದಿಂದ ಸುತ್ತಲೂ ಹೊರಕ್ಕೆ ಬಿದ್ದಿದ್ದರೆ ಅದು ಸುಂಟರಗಾಳಿ ಅಲ್ಲ, ಮೈಕ್ರೋಬರ್ಸ್ಟ್. ಗುಡುಗು ಮೋಡದ ಮಳೆ ಇಳಿಯುವಾಗ ಗಾಳಿಯನ್ನೂ ಕೆಳಗೆ ಎಳೆಯುತ್ತದೆ. ಒಣಗಾಳಿಯಲ್ಲಿ ಹನಿಗಳು ಆವಿಯಾದರೆ ಗಾಳಿ ತಣ್ಣಗಾಗಿ, ಭಾರವಾಗಿ ದಬಕ್ಕನೆ ಕುಸಿಯುತ್ತದೆ. ನೆಲಕ್ಕೆ ಬಡಿದು, ಬಿಂದಿಗೆಯಿಂದ ಸುರಿದ ನೀರಿನ ಹಾಗೆ ಎಲ್ಲ ಕಡೆ ನುಗ್ಗುತ್ತದೆ. ವೇಗ ಗಂಟೆಗೆ 200 ಕಿ.ಮೀ. ದಾಟಬಹುದು! ಮಳೆ ನೆಲ ಮುಟ್ಟದೆಯೂ ಹೀಗಾಗುತ್ತದೆ. ನನಗೆ ಅದರ ಭಯವೇ ಜಾಸ್ತಿ, ಸುಳಿವೇ ಸಿಗುವುದಿಲ್ಲ ಅಲ್ವಾ? 1975ರಲ್ಲಿ ನ್ಯೂಯಾರ್ಕ್‌ನಲ್ಲಿ ಇಳಿಯುತ್ತಿದ್ದ ವಿಮಾನ ಬಿದ್ದಾಗ, ವಿಜ್ಞಾನಿ ಟೆಡ್ ಫುಜಿಟಾ ಇಂಥ ಗಾಳಿಯೇ ಕಾರಣ ಎಂದರು. ಮೊದಲಿಗೆ ಹಲವರು ನಂಬಲಿಲ್ಲ.