ಸೋಮಾರಿತನ ಅನ್ನಬೇಡಿ, ಪರೀಕ್ಷೆ ಮಾಡಿಸಿ

ಶ್ರೀನಿವಾಸಪುರದ ಓದುಗರೊಬ್ಬರು ಬರೆದಿದ್ದಾರೆ: "ನಮ್ಮ ಯಜಮಾನರು ಕೋಲಾರದ ಟೊಮೆಟೊ ಮಂಡಿಯೊಂದರಲ್ಲಿ ಲೆಕ್ಕ ಬರೆಯುತ್ತಾರೆ. ಅವರಿಗೆ ಮಲ್ಟಿಪಲ್ ಸ್ಕ್ಲೆರೋಸಿಸ್ ಇದೆ. ನಡಿಗೆ ಚೆನ್ನಾಗಿದೆ, ಸ್ಕ್ಯಾನ್‌ನಲ್ಲಿ ಹೊಸದೇನೂ ಇಲ್ಲ. ಆದರೂ ಬಾಕ್ಸ್ ಲೆಕ್ಕ ತಪ್ಪುತ್ತಾರೆ, ಮಧ್ಯಾಹ್ನಕ್ಕೆ ಸುಸ್ತಾಗಿ ಮಲಗಿಬಿಡುತ್ತಾರೆ. ಅತ್ತೆ ಸೋಮಾರಿತನ ಅಂತಾರೆ. ಇದಕ್ಕೆ ಪರೀಕ್ಷೆ ಇದೆಯಾ?"

ಇದೆಯಮ್ಮ. ಮೊದಲು ಅತ್ತೆಯವರಿಗೆ ಇಷ್ಟನ್ನು ಓದಿ ಹೇಳಿ. ಮಲ್ಟಿಪಲ್ ಸ್ಕ್ಲೆರೋಸಿಸ್, ಅಂದರೆ ಎಂಎಸ್, ಮೆದುಳು ಮತ್ತು ಬೆನ್ನುಹುರಿಯ ನರಗಳ ಹೊದಿಕೆ ಹಾಳಾಗುವ ಕಾಯಿಲೆ. ಅದು ಇರುವವರಲ್ಲಿ ಹೆಚ್ಚಿನವರಿಗೆ ಈ ಸುಸ್ತು ಇರುತ್ತದೆ. ರಾತ್ರಿ ಚೆನ್ನಾಗಿ ನಿದ್ದೆ ಮಾಡಿದರೂ ಬರುತ್ತದೆ, ಸೆಕೆಗೆ ಜಾಸ್ತಿಯಾಗುತ್ತದೆ. ಸುಮಾರು ಅರ್ಧದಷ್ಟು ಜನರಿಗೆ ಯೋಚನೆಯ ವೇಗವೋ ನೆನಪೋ ತಗ್ಗುತ್ತದೆ. ಕಾಲು ಗಟ್ಟಿಯಾಗಿದೆ ಅಂದಮಾತ್ರಕ್ಕೆ ಇದು ಇಲ್ಲ ಅನ್ನಲಾಗದು. ಡಾಕ್ಟರ ಹತ್ತಿರ ಐದು ನಿಮಿಷ ಮಾತಾಡಿದರೆ ಗೊತ್ತಾಗುವಂಥದ್ದೂ ಅಲ್ಲ.

ಯೋಚನೆಯ ವೇಗ ಅಳೆಯುವ ಎಸ್‌ಡಿಎಂಟಿ ಎಂಬ ಪರೀಕ್ಷೆಯನ್ನು ಹೆಸರು ಹೇಳಿಯೇ ಕೇಳಿ. ಹಾಳೆಯ ಮೇಲ್ಗಡೆ ಒಂಬತ್ತು ಗುರುತು, ಒಂದೊಂದಕ್ಕೂ ಒಂದು ಅಂಕಿ. ಕೆಳಗೆ ಸಾಲುಸಾಲಾಗಿ ಬರೀ ಗುರುತುಗಳು. 90 ಸೆಕೆಂಡಿನಲ್ಲಿ ಎಷ್ಟಕ್ಕೆ ಸರಿಯಾದ ಅಂಕಿ ಹೇಳುತ್ತಾರೆ ಅಂತ ನೋಡುತ್ತಾರೆ. ಬಾಯಲ್ಲಿ ಹೇಳಿದರೂ ಆಯಿತು, ಕೈ ನಡುಗುವವರಿಗೂ ತೊಂದರೆಯಿಲ್ಲ. ಇದರ ಜೊತೆ ಪದಗಳ ನೆನಪು, ಚಿತ್ರಗಳ ನೆನಪಿನ ಪರೀಕ್ಷೆ ಸೇರಿದರೆ ಅದಕ್ಕೆ ಬಿಕಾಮ್ಸ್ ಎಂದು ಹೆಸರು. ಅದು ಸುಮಾರು 15 ನಿಮಿಷದ್ದು. ಪದಗಳ ಪಟ್ಟಿ ಮಾತ್ರ ಕನ್ನಡದಲ್ಲೇ ಇರಲಿ ಎಂದು ಪಟ್ಟು ಹಿಡಿಯಿರಿ. ಇಂಗ್ಲಿಷ್ ಪದ ನೆನಪಿಗೆ ಬರಲಿಲ್ಲ ಅಂದರೆ ಅದು ನೆನಪಿನ ತಪ್ಪಲ್ಲ, ಅಲ್ವಾ?

ಸುಸ್ತಿಗೆ ಬೇರೆ ಅಳತೆ ಇದೆ. ಎಂಎಫ್‌ಐಎಸ್ ಎಂಬ ಪ್ರಶ್ನೆಪಟ್ಟಿಯಲ್ಲಿ 21 ಪ್ರಶ್ನೆ, ಹಿಂದಿನ ನಾಲ್ಕು ವಾರದ ಬಗ್ಗೆ. ಆದರೆ ಸುಸ್ತೆಲ್ಲ ಎಂಎಸ್‌ನದೇ ಎಂದು ಸುಮ್ನೆ ಕೂರಬೇಡಿ. ರಕ್ತಹೀನತೆ, ಥೈರಾಯ್ಡ್, ಬಿ12 ಕೊರತೆ, ನಿದ್ದೆಗೇಡು, ಮನಸ್ಸು ಕುಗ್ಗುವುದು, ಕಾಲು ಬಿಗಿತಕ್ಕೆ ಕೊಟ್ಟ ಮಾತ್ರೆ, ಯಾವುದಾದರೂ ಕಾರಣ ಇರಬಹುದು. ಮನಸ್ಸು ಕುಗ್ಗಿದವರಿಗೆ ತಮ್ಮ ಮರೆವು ಇರುವುದಕ್ಕಿಂತ ದೊಡ್ಡದಾಗಿ ಕಾಣುವುದೂ ಉಂಟು. ಅದಕ್ಕೇ ಪ್ರಶ್ನೆ ಕೇಳುವುದಷ್ಟೇ ಸಾಲದು, ಪರೀಕ್ಷೆಯೂ ಬೇಕು. ಮಾತ್ರೆಯನ್ನು ನೀವಾಗಿ ನಿಲ್ಲಿಸಬೇಡಿ.

ಹೋಗುವ ಮುಂಚೆ ಎರಡು ವಾರ ಒಂದು ಪುಸ್ತಕದಲ್ಲಿ ಬರೆದಿಡಿ: ಯಾವ ಹೊತ್ತಿನಲ್ಲಿ ಲೆಕ್ಕ ತಪ್ಪಿತು, ಯಾವಾಗ ಮಲಗಿದರು. ನೀವೂ ಜೊತೆಗೆ ಹೋಗಿ, ನೀವು ಕಂಡದ್ದೂ ಡಾಕ್ಟರಿಗೆ ಬೇಕು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ನರರೋಗ ವಿಭಾಗವೂ ಇದೆ, ಇಂಥ ಪರೀಕ್ಷೆ ಮಾಡುವ ಮನಶ್ಶಾಸ್ತ್ರಜ್ಞರೂ ಇದ್ದಾರೆ. ಈಗ ಬಂದ ಅಂಕ ಜೋಪಾನ ಮಾಡಿ. ವರ್ಷಕ್ಕೊಮ್ಮೆ ಅದೇ ಪರೀಕ್ಷೆ ಮಾಡಿಸಿ ಹೋಲಿಸಿ ನೋಡಬೇಕು. ಅಲ್ಲಿಯವರೆಗೆ ದೊಡ್ಡ ಮೊತ್ತದ ಲೆಕ್ಕವನ್ನು ಬಿಸಿಲೇರುವ ಮುಂಚೆಯೇ ಮುಗಿಸಲು ಬಿಡಿ ಎಂದು ಮಂಡಿ ಮಾಲೀಕರನ್ನು ಕೇಳಿಕೊಳ್ಳಿ.